ಆಟದೆಲೆಯ ಚಿತ್ರವೂ ಆಡುವ ಕೈಯೂ

1974ನೆಯ ಇಸವಿಯಲ್ಲಿ ಅಮೆರಿಕದ ವಿಸ್ಕಾನ್ಸಿನ್ ಪ್ರಾಂತದ ಲೇಕ್ ಜಿನೀವಾ ಎಂಬ ಸಣ್ಣ ಊರಿನಿಂದ, ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ಕೂಡಿ ರಚಿಸಿದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟವು ಪೆಟ್ಟಿಗೆಯೊಂದರಲ್ಲಿ ಅಡಗಿಸಿದ ಮೂರು ಕಿರುಹೊತ್ತಗೆಗಳ ರೂಪದಲ್ಲಿ ಹೊರಬಂದಾಗ, ಅದರ ಮೊದಲ ಮುದ್ರಣ ಸಾವಿರ ಪ್ರತಿಗಳದಾಗಿತ್ತು. ಮೇಜಿನ ಸುತ್ತ ಕುಳಿತವರಲ್ಲಿ ಒಬ್ಬೊಬ್ಬನೂ ವೀರನದೋ ಮಾಂತ್ರಿಕನದೋ ಚೋರನದೋ ಪಾತ್ರವನ್ನು ಧರಿಸಿ, ಕಥೆ ಹೇಳುವವನು ಬರಿಯ ಮಾತಿನಿಂದ ಕಟ್ಟಿದ ನೆಲಮಾಳಿಗೆಗಳನ್ನು ಹೊಕ್ಕು, ದಾಳ ಉರುಳಿಸಿ ತನ್ನ ಅದೃಷ್ಟವನ್ನು ಪರೀಕ್ಷಿಸಿಕೊಳ್ಳುವುದೇ ಈ ಆಟದ ಸ್ವರೂಪ. ಸುಗ್ಗಿ ಮುಗಿದ ಮೇಲೆ ಊರ ಬಯಲಿನಲ್ಲಿ ಬೆಳಗಿನ ತನಕ ದೊಡ್ಡಾಟ ನಡೆದು, ಹಗಲೆಲ್ಲ ಕುಂಟೆ ಹೊಡೆದವನೇ ಇರುಳು ಕರ್ಣನಾಗಿ ನಿಂತುದನ್ನು ಕಂಡಿರುವ ರೋಣ, ನರಗುಂದ, ಗಜೇಂದ್ರಗಡಗಳ ಸೀಮೆಯವರಿಗೆ ಇದರ ಮರ್ಮವನ್ನು ಬಿಡಿಸಿ ಹೇಳಬೇಕಾದ ಪ್ರಮೇಯವಿಲ್ಲ. ಆ ಆಟದ ಮೊದಲ ಹೊತ್ತಗೆಗಳ ಚಿತ್ರಗಳನ್ನು ಇಂದಿನ ನುರಿತ ಚಿತ್ರಕಾರರು ಮತ್ತೆ ಮತ್ತೆ ಎದುರಿಗಿಟ್ಟುಕೊಂಡು, ತಮ್ಮ ಕೈಯಿಂದ ಹೊಸದಾಗಿ ಬರೆಯುತ್ತಿರುವುದನ್ನು ಬಹಳ ಆಸಕ್ತಿಯಿಂದ ಗಮನಿಸುತ್ತ ಬಂದಿದ್ದೇನೆ. ಅದನ್ನು ನೋಡಿದಷ್ಟೂ, ನಮ್ಮಲ್ಲಿಯೇ ಇರುವ ಇಂಥದೇ ಒಂದು ಸಂಪತ್ತನ್ನು ನಾವು ನಡೆಸಿಕೊಂಡು ಬಂದಿರುವ ರೀತಿ ಸರಿಯಾದುದಲ್ಲವೆಂಬ ಅಭಿಪ್ರಾಯ ನನ್ನಲ್ಲಿ ದೃಢವಾಗುತ್ತ ಬಂದಿದೆ.

ಆ ಮೊದಲ ಚಿತ್ರಗಳು ಕಲಾಶಾಲೆಯ ಅಳತೆಗೋಲಿಗೆ ನಿಲ್ಲತಕ್ಕವಲ್ಲ. ಗ್ರೆಗ್ ಬೆಲ್ ಮೊದಲಾದ ಹವ್ಯಾಸಿಗಳು ಬರೆದ ರೇಖೆಗಳು ಒರಟಾಗಿವೆ. ಕೆಲವು ಅಂದಿನ ಚಿತ್ರಕಥಾಪತ್ರಿಕೆಗಳಿಂದ ನೇರವಾಗಿ ಎತ್ತಿಕೊಂಡವು. ಅನಂತರ ಬಂದ ಡೇವಿಡ್ ಸದರ್ಲೆಂಡ್, ಡೇವಿಡ್ ಟ್ರ್ಯಾಂಪಿಯರ್ ಎಂಬವರ ಕೈ ಪಳಗಿದುದು. 1978ರ ಆಟಗಾರರ ಕೈಪಿಡಿಗೆ ಟ್ರ್ಯಾಂಪಿಯರ್ ಬರೆದ ಮುಖಪುಟವು ಅಂದಿನಿಂದ ಇಂದಿನವರೆಗೂ ಅಸಂಖ್ಯ ಅನುಕರಣಗಳಿಗೆ ಮೂಲವಾಗಿದೆ. ಕೊಂಬುಳ್ಳ ಒಂದು ದೈತ್ಯವಿಗ್ರಹವು ಚಿತ್ರದ ನಡುವೆ ಕುಳಿತಿದೆ. ಅದರ ತಲೆಯ ಮೇಲೇರಿದ ಇಬ್ಬರು ಕಳ್ಳರು ಕಣ್ಣಿನ ರತ್ನವನ್ನು ಮೀಟಿ ತೆಗೆಯುತ್ತಿದ್ದಾರೆ. ಕೆಳಗೆ ಹಲ್ಲಿಮೈಯ ಶತ್ರುಗಳ ಹೆಣಗಳು ಬಿದ್ದಿವೆ, ಒಬ್ಬ ಯೋಧ ತನ್ನ ಖಡ್ಗವನ್ನು ಒರೆಸುತ್ತಿದ್ದಾನೆ, ಬೇರೆ ಕೆಲವರು ನಕ್ಷೆಯನ್ನು ನೋಡುತ್ತ ಮುಂದಿನ ದಾರಿಯನ್ನು ಆಲೋಚಿಸುತ್ತಿದ್ದಾರೆ. ಯುದ್ಧವು ಆಗಿಹೋಗಿದೆ, ಮುಂದೇನೆಂಬುದು ಗೊತ್ತಿಲ್ಲ. ಚಿತ್ರಕಾರನು ಕಥೆಯ ಆದಿಯನ್ನೂ ಅಂತ್ಯವನ್ನೂ ನೋಡುವವನಿಗೆ ಬಿಟ್ಟು, ನಡುವಿನ ಒಂದು ಕ್ಷಣವನ್ನು ಮಾತ್ರ ತಾನಿಟ್ಟುಕೊಂಡಿದ್ದಾನೆ. ಆಟಕ್ಕೆಂದು ಬರೆದ ಚಿತ್ರದ ಪರಮಗುಣ ಇದೇ ಎಂದು ನಾನು ಭಾವಿಸುತ್ತೇನೆ. ಈಗಿನ ಚಿತ್ರಕಾರರಲ್ಲಿ ಹಲವರು ಇದೇ ದೃಶ್ಯವನ್ನು ಮತ್ತೆ ಬರೆಯುವಾಗ ಬೆಳಕು ನೆರಳುಗಳನ್ನು ತುಂಬಿ, ಸ್ನಾಯು ಸ್ನಾಯುವನ್ನೂ ತಿದ್ದಿ, ಆಡುವವನ ಕಲ್ಪನೆಗೆ ಅಂಗೈಯಗಲದ ಎಡೆಯನ್ನೂ ಉಳಿಸದೆ ಮುಗಿಸಿಬಿಡುತ್ತಾರೆ. 

ಟ್ರ್ಯಾಂಪಿಯರ್ ಬರೆದ ಆ ಮುಖಪುಟದಲ್ಲಿ ನನ್ನ ಮನಸ್ಸನ್ನು ನೋಯಿಸುವ ಅಂಶವೂ ಒಂದುಂಟು, ಅದನ್ನು ಹೇಳದೆ ಮುಂದೆ ಹೋಗುವುದು ಸರಿಯಲ್ಲ. ಪೌರಸ್ತ್ಯ ದೇಶದ ದೇಗುಲ, ವಿಗ್ರಹದ ಕಣ್ಣಿನಲ್ಲಿ ಮಣಿ, ಅದನ್ನು ಕೀಳಲು ಬಂದ ಸಾಹಸಿ, ಇವು ಇಂಗ್ಲಿಷ್ ಕಥೆಗಳಲ್ಲಿ ಹತ್ತೊಂಬತ್ತನೆಯ ಶತಮಾನದಿಂದ ಹರಿದುಬಂದ ಕಲ್ಪನೆ. ವಿಲ್ಕಿ ಕಾಲಿನ್ಸನ 1868ರ ‘ದಿ ಮೂನ್‌ಸ್ಟೋನ್’ ಕಾದಂಬರಿಯ ವಜ್ರವೂ ಹಿಂದೂ ವಿಗ್ರಹದಿಂದ ಅಪಹೃತವಾದುದೇ. ಚಾಲುಕ್ಯರ ಗುಡಿಗಳ ನಡುವೆ ಬಾಳಿದವನು ಆ ಮುಖಪುಟವನ್ನು ವಿಗ್ರಹದ ಕಡೆಯಿಂದ ನೋಡುತ್ತಾನೆ. ಅದೇ ಮಾಲೆಯ 1977ರ ಭೂತರಾಕ್ಷಸರ ಕೋಶದಲ್ಲಿ ನಮ್ಮ ರಾಕ್ಷಸನಿಗೂ ಒಂದು ಸ್ಥಾನ ಸಿಕ್ಕಿದೆ. ಆದರೆ ಅವನು ಹುಲಿಯ ತಲೆಯನ್ನು ಹೊತ್ತು, ಮನೆಯಂಗಿ ತೊಟ್ಟು, ಹೊಗೆಯ ಕೊಳವೆ ಹಿಡಿದು ಕುಳಿತ ಒಬ್ಬ ದೊರೆಯಂತಿದ್ದಾನೆ. ಈ ರೂಪಕ್ಕೆ ಪ್ರೇರಣೆಯಾದುದು ಅಮೆರಿಕದ ಒಂದು ದೂರದರ್ಶನ ಧಾರಾವಾಹಿ. ತೊಗಲುಗೊಂಬೆಯ ದಶಕಂಠನಾಗಲಿ, ಯಕ್ಷಗಾನದ ಬಣ್ಣದ ವೇಷವಾಗಲಿ, ದೇಗುಲದ ಬಾಗಿಲ ಮೇಲಿನ ಕೀರ್ತಿಮುಖವಾಗಲಿ ಆ ಚಿತ್ರಕಾರನ ಕಣ್ಣಿಗೆ ಬಿದ್ದಿರಲಾರದು. ಅದಕ್ಕಾಗಿ ಅವನನ್ನು ದೂಷಿಸಲಾರೆ. ಆ ರೂಪಗಳು ಕಣ್ಣಿಗೆ ಬೀಳುವಂತೆ ಆಟದ ಮೂಲಕ ಲೋಕಕ್ಕೆ ಒಯ್ಯಬೇಕಾಗಿದ್ದವರು ನಾವು.

ಏಕೆಂದರೆ ದೇವ, ದಾನವ, ದುರ್ಗ, ಸರ್ಪ, ಅರಣ್ಯಗಳನ್ನೆಲ್ಲ ಆಟದೊಳಕ್ಕೆ ತಂದು ಚಿತ್ರಿಸುವ ವಿದ್ಯೆಯಲ್ಲಿ ನಮ್ಮ ದೇಶವು ಯಾರಿಗೂ ಹಿಂದೆ ಬಿದ್ದುದಲ್ಲ. ಬಾಬರನು 1527ರಲ್ಲಿ ಸಿಂಧದ ಷಾ ಹುಸೇನನಿಗೆ ಗಂಜೀಫಾ ಎಂಬ ಆಟದೆಲೆಗಳನ್ನು ಕಳುಹಿಸಿಕೊಟ್ಟ ಸಂಗತಿಯನ್ನು ತನ್ನ ಆತ್ಮಕಥೆಯಲ್ಲಿ ಬರೆದಿಟ್ಟಿದ್ದಾನೆ. ಅಕ್ಬರನ ಆಸ್ಥಾನದ ಅಬುಲ್ ಫಜಲನು ತನ್ನ ‘ಐನ್-ಇ-ಅಕ್ಬರಿ’ಯಲ್ಲಿ ವರ್ಣಿಸುವ ಹಳೆಯ ಆಟದಲ್ಲಿ ಹನ್ನೆರಡು ಬಣಗಳು, ಬಣಕ್ಕೆ ಹನ್ನೆರಡರಂತೆ 144 ಎಲೆಗಳು, ಆ ಬಣಗಳ ಒಡೆಯರು ಅಶ್ವಪತಿ, ಗಜಪತಿ, ನರಪತಿ, ಗಢಪತಿ, ಧನಪತಿ, ದಳಪತಿ ಎಂದು ಮೊದಲಾಗಿ, ಕಡೆಗೆ ಸುರಪತಿ, ಅಸುರಪತಿ, ವನಪತಿ, ಅಹಿಪತಿಗಳವರೆಗೆ ಬರುತ್ತಾರೆ. ಗಢಪತಿಯ ಎಲೆಯಲ್ಲಿ ಕೋಟೆಯ ಮೇಲೆ ಸಿಂಹಾಸನವನ್ನಿಟ್ಟು ರಾಜ ಕುಳಿತಿರುತ್ತಾನೆ. ಮಂತ್ರಿಯ ಎಲೆಯಲ್ಲಿಯೂ ಹಾಗೆಯೇ. ಉಳಿದ ಹತ್ತು ಎಲೆಗಳಲ್ಲಿ ಒಂದರಿಂದ ಹತ್ತರವರೆಗೆ ಕೋಟೆಗಳು. ಕೋಟೆಗಳ ಒಡೆಯನೂ ಅಸುರರ ಒಡೆಯನೂ ಸರ್ಪಗಳ ಒಡೆಯನೂ ಒಂದೇ ಚಾಪೆಯ ಮೇಲೆ ಎದುರುಬದುರಾಗಿ ನಿಲ್ಲುವ ಆಟವು, ಲೇಕ್ ಜಿನೀವಾದ ಹೊತ್ತಗೆಗಳಿಗಿಂತ ನಾಲ್ಕು ಶತಮಾನಗಳಷ್ಟು ಹಿಂದೆಯೇ ಈ ನೆಲದಲ್ಲಿ ಆಡಲ್ಪಡುತ್ತಿತ್ತೆಂಬುದು ಸಾಮಾನ್ಯ ಸಂಗತಿಯಲ್ಲ.

ಮುಂದೆ ಇದೇ ಪರಂಪರೆಯಲ್ಲಿ ಬಂದ ದಶಾವತಾರದ ಗಂಜೀಫಾದಲ್ಲಿ ಹತ್ತು ಬಣ, 120 ಎಲೆ. ಎಲೆಗಳು ದುಂಡಗೆ, ಅಂಗೈಯಲ್ಲಿ ಅಡಗುವಷ್ಟು ಚಿಕ್ಕವು. ಮತ್ಸ್ಯದ ಬಣದ ಒಂದು ಎಲೆಯನ್ನು ಕೈಯಲ್ಲಿ ಹಿಡಿದು ನೋಡಿದರೆ, ಚಿತ್ರಕಾರನ ಸಂಯಮ ಎಂಥದೆಂಬುದು ತಿಳಿಯುತ್ತದೆ. ರಾಜನ ಎಲೆಯಲ್ಲಿ ಮಂಟಪದ ಕೆಳಗೆ ಮೀನಿನ ಬಾಯಿಂದ ಅರ್ಧಕ್ಕೆ ಮೂಡಿಬಂದ ವಿಷ್ಣು. ಮಂತ್ರಿಯ ಎಲೆಯಲ್ಲಿ ಕುದುರೆಯೇರಿದ ಸವಾರ. ಸಂಖ್ಯೆಯ ಎಲೆಗಳಲ್ಲಿ ಬರಿಯ ಮೀನುಗಳು, ಕುಂಚದ ಎರಡು ಬೀಸಿಗೆ ಮೈ, ಒಂದು ಚುಕ್ಕೆಗೆ ಕಣ್ಣು. ಬಣಕ್ಕೊಂದು ನೆಲದ ಬಣ್ಣವಿರುವುದರಿಂದ, ದೀಪದ ಮಂದವಾದ ಬೆಳಕಿನಲ್ಲಿಯೂ, ಬೀಸಣಿಗೆಯಂತೆ ಹರಡಿ ಹಿಡಿದ ಹತ್ತಿಪ್ಪತ್ತು ಎಲೆಗಳ ಅಂಚು ಮಾತ್ರ ಕಾಣುತ್ತಿದ್ದಾಗಲೂ, ಯಾವುದು ಯಾರದೆಂದು ಆಟಗಾರನಿಗೆ ಕ್ಷಣಾರ್ಧದಲ್ಲಿ ಗೊತ್ತಾಗಬೇಕು. ಈ ಅಗತ್ಯದಿಂದಲೇ ಆ ಚಿತ್ರದ ಸೊಬಗು ಹುಟ್ಟಿದೆ. ಹಗಲಿನಲ್ಲಿ ರಾಮನ ಎಲೆಯಿಂದ, ಇರುಳಿನಲ್ಲಿ ಕೃಷ್ಣನ ಎಲೆಯಿಂದ ಆಟವನ್ನು ಆರಂಭಿಸಬೇಕೆಂಬ ವಿಧಿ. ಅರ್ಧ ಬಣಗಳಲ್ಲಿ ಹತ್ತು ಮೇಲಾಗಿದ್ದರೆ ಉಳಿದರ್ಧದಲ್ಲಿ ಒಂದೇ ಮೇಲು. ಈ ನಿಯಮಗಳನ್ನು ಅರಿಯದೆ ಚಿತ್ರವನ್ನು ಮಾತ್ರ ನೋಡುವವನು ಅದರ ಅರ್ಧವನ್ನು ಕಂಡಂತೆ.

ಕನ್ನಡನಾಡಿನಲ್ಲಿ ಈ ವಿದ್ಯೆಯನ್ನು ಪರಾಕಾಷ್ಠೆಗೆ ಮುಟ್ಟಿಸಿದವರು ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು. ರಾಜ್ಯಾಧಿಕಾರವನ್ನು 1831ರಲ್ಲಿ ಇಂಗ್ಲಿಷರು ಕೈಗೆತ್ತಿಕೊಂಡ ಮೇಲೆ, 1868ರಲ್ಲಿ ತೀರಿಕೊಳ್ಳುವ ತನಕ, ಅವರ ಆಸ್ಥಾನವು ಶಾಸ್ತ್ರ, ಸಂಗೀತ, ಚಿತ್ರ, ಕ್ರೀಡೆಗಳ ಆಶ್ರಯವಾಗಿ ಉಳಿಯಿತು. ಚದುರಂಗದ ಕುದುರೆಯನ್ನು ಅರವತ್ತನಾಲ್ಕು ಮನೆಗಳಲ್ಲಿಯೂ ಒಂದೊಂದೇ ಸಲ ನಡೆಸುವ ಬಂಧಗಳನ್ನು ಅವರೇ ರಚಿಸಿದರು. ಒಂಬತ್ತು ನಿಧಿಗಳುಳ್ಳ ‘ಶ್ರೀತತ್ತ್ವನಿಧಿ’ಯ ಕಡೆಯ ಭಾಗವಾದ ಕೌತುಕನಿಧಿಯಲ್ಲಿ ಛದವೆಂಬ ಎಲೆಯಾಟಗಳ ವಿವರಣೆಯಿದೆ. 36 ಎಲೆಗಳ ಕಟ್ಟಿನಿಂದ ಮೊದಲಾಗಿ 360 ಎಲೆಗಳ ಕಟ್ಟಿನವರೆಗೆ, ಚಾಮುಂಡೇಶ್ವರಿ ಛದ, ನವಗ್ರಹ ಛದ, ಪಂಚಪಾಂಡವ ಛದ ಎಂದು ಬಗೆಬಗೆಯಾಗಿ, ದೇವತಾಮೂರ್ತಿಗಳ ಆಯುಧ ವಾಹನ ವರ್ಣಗಳನ್ನು ಆಗಮದ ಲಕ್ಷಣಕ್ಕೆ ಲೋಪ ಬಾರದಂತೆ ಚಿತ್ರಿಸಿ ಆಡಿದ ಕಾಲ ಅದು. ಮುನ್ನೂರರವತ್ತು ಎಲೆಗಳ ಆಟವೊಂದನ್ನು ಮನಸ್ಸಿನಲ್ಲಿ ಕಟ್ಟಿದ ರಾಜನ ಕಲ್ಪನಾಶಕ್ತಿಯನ್ನು ನೆನೆದರೆ ಇಂದಿಗೂ ನನಗೆ ರೋಮಾಂಚವಾಗುತ್ತದೆ.

ಅಚ್ಚಿನ ಇಸ್ಪೀಟು ಅಗ್ಗವಾಗಿ ಬಂದಿತು, ಆಸ್ಥಾನಗಳು ಅಳಿದವು. ನಮ್ಮ ನರಗುಂದದ ಸಂಸ್ಥಾನವು ಬಾಬಾಸಾಹೇಬ ಭಾವೆಯವರ 1858ರ ಬಂಡಾಯದ ತರುವಾಯ ಒಂದೇ ಏಟಿಗೆ ಮುಟ್ಟುಗೋಲಾಯಿತಷ್ಟೆ. ಉಳಿದೆಡೆಗಳಲ್ಲಿ ಚಿತ್ರಗಾರನ ಪೋಷಣೆ ಮೆಲ್ಲಮೆಲ್ಲನೆ ಬತ್ತಿತು. ಸಾವಂತವಾಡಿಯ ರಾಜದಂಪತಿಗಳು 1970ರ ದಶಕದಲ್ಲಿ, ಉಳಿದಿದ್ದ ಒಬ್ಬ ವೃದ್ಧ ಚಿತಾರಿಯಿಂದ ತಾವೇ ಪಾಠ ಹೇಳಿಸಿಕೊಂಡು ಅಲ್ಲಿಯ ಗಂಜೀಫಾವನ್ನು ಉಳಿಸಿದರು. ಮೈಸೂರಿನಲ್ಲಿ ಆ ಕಾರ್ಯವನ್ನು ಕೈಗೊಂಡವರು, ಹೆಸರಿನೊಡನೆಯೇ ಕಲೆಯ ಹೆಸರು ಸೇರಿಹೋಗಿರುವ ಗಂಜೀಫಾ ರಘುಪತಿ ಭಟ್ಟರು. ಹಳೆಯ ಎಲೆಗಳನ್ನು ಹುಡುಕಿ, ಗ್ರಂಥದ ಲಕ್ಷಣಗಳೊಡನೆ ಹೋಲಿಸಿ, ಕೂದಲೆಳೆಯ ಕುಂಚದಿಂದ ಅವರು ಮರಳಿ ಬರೆದ ಚಿತ್ರಗಳಿಲ್ಲದಿದ್ದರೆ ಮೈಸೂರು ಗಂಜೀಫಾ ಇಂದು ವಸ್ತುಸಂಗ್ರಹಾಲಯದ ಒಂದು ಚೀಟಿಯಾಗಿ ಉಳಿಯುತ್ತಿತ್ತು; ಅದಕ್ಕೆ ಭೌಗೋಳಿಕ ಗುರುತಿನ ಮನ್ನಣೆಯೂ ಸಿಕ್ಕಿದೆ. ಇಷ್ಟನ್ನು ಕೃತಜ್ಞತೆಯಿಂದ ಒಪ್ಪಿಕೊಂಡು ನನ್ನ ಆಕ್ಷೇಪವನ್ನು ಹೇಳುತ್ತೇನೆ. ಆ ಎಲೆಗಳನ್ನು ಕೊಂಡವರು ಅವನ್ನು ಚೌಕಟ್ಟು ಹಾಕಿಸಿ ಗೋಡೆಗೆ ತೂಗಿಬಿಟ್ಟರು. ಆಡುವವರಿಲ್ಲ, ಕಲಿಸುವವರಿಲ್ಲ, ಮತ್ಸ್ಯದ ರಾಜನನ್ನು ನೆಲಕ್ಕೆಸೆದು ಪಟ್ಟು ಗೆದ್ದ ಆಟಗಾರನ ಉಲ್ಲಾಸವನ್ನು ಬಲ್ಲ ಕೈಗಳಿಲ್ಲ. ಆಟ ಹೋಗಿ ಚಿತ್ರ ಮಾತ್ರ ಉಳಿದರೆ, ಮುಂದಿನ ಚಿತ್ರಕಾರನು ಸಹಜವಾಗಿಯೇ ಗೋಡೆಗಾಗಿ ಬರೆಯತೊಡಗುತ್ತಾನೆ; ಎಲೆ ದೊಡ್ಡದಾಗುತ್ತದೆ, ಅಲಂಕಾರ ಬೆಳೆಯುತ್ತದೆ, ಎರಡು ಬೀಸಿನ ಮೀನು ಮಾಯವಾಗುತ್ತದೆ. ಅಮೆರಿಕದ ಆ ಮುಖಪುಟಕ್ಕೆ ಆದುದೇ ಇಲ್ಲಿಯೂ ಆಗುತ್ತದೆ. ಆದರೆ ಅಲ್ಲಿ ಆಟವಾದರೂ ಜೀವಂತವಾಗಿದೆ.

ಹಳೆಯ ವಿನ್ಯಾಸವನ್ನು ಬಳಕೆಯೊಡನೆಯೇ ಉಳಿಸಿಕೊಂಡ ನಿದರ್ಶನಕ್ಕಾಗಿ ನಾವು ದೂರ ಹೋಗಬೇಕಾಗಿಲ್ಲ. ನರಗುಂದದ ನೆರೆಯ ನವಲಗುಂದದಲ್ಲಿ ಮುಸಲ್ಮಾನ ಮನೆತನಗಳ ಹೆಣ್ಣುಮಕ್ಕಳು ನೇಯುವ ಜಮಖಾನದ ಮೇಲೆ ನವಿಲಿನೊಡನೆ ಪಗಡೆಯ ಹಾಸೂ ಮೂಡುತ್ತದೆ; ಅದನ್ನು ನೆಲಕ್ಕೆ ಹಾಸಿ, ಸುತ್ತ ಕುಳಿತು, ಅದರ ಮನೆಗಳಲ್ಲಿಯೇ ಕಾಯಿ ನಡೆಸಬಹುದು. ಕುಳಿತುಕೊಳ್ಳುವ ಹಾಸಿಗೆಯೇ ಆಟದ ಹಾಸೂ ಆಗುವ ಈ ಯೋಜನೆಯಲ್ಲಿ ಎಷ್ಟು ವಿವೇಕವಿದೆ! ಗಜೇಂದ್ರಗಡದ ಮಗ್ಗಗಳಲ್ಲಿ ನೇಯುತ್ತಿದ್ದ ಪಟ್ಟೇದಂಚಿನ ಸೀರೆ ಮರೆಯಾಗಿದ್ದುದನ್ನು ಈಚೆಗೆ ಮತ್ತೆ ನೇಯಿಸಿ, ಉಡುವವರ ಮೈಮೇಲಕ್ಕೆ ತಂದಿದ್ದಾರೆ. ಪುನರುಜ್ಜೀವನವೆಂಬುದನ್ನು ನಾನು ಇಂಥ ಕಡೆ ಒಪ್ಪುತ್ತೇನೆ.

ಚಿತ್ರಕಾರನಿಗೆ ಬೇಕಾದ ಸಾಮಗ್ರಿಯಂತೂ ರೋಣ, ನರಗುಂದ, ಗಜೇಂದ್ರಗಡ ತಾಲೂಕುಗಳಲ್ಲಿ ತುಂಬಿ ತುಳುಕುತ್ತಿದೆ. ನೆಲಮಾಳಿಗೆಯ ಮೆಟ್ಟಿಲುಗಳನ್ನು ಬರೆಯಬೇಕೆಂಬ ಹುಡುಗನು ಗಜೇಂದ್ರಗಡದ ಸಮೀಪದ ಸೂಡಿಗೆ ಹೋಗಿ, ಹನ್ನೊಂದನೆಯ ಶತಮಾನದಲ್ಲಿ ಚಾಲುಕ್ಯ ರಾಜಕುಮಾರಿ ಅಕ್ಕಾದೇವಿಯ ಆಳ್ವಿಕೆಯನ್ನು ಕಂಡ ಆ ಊರಿನ ನಾಗಕುಂಡದ ಅಂಚಿನಲ್ಲಿ ಒಂದು ಹೊತ್ತು ನಿಲ್ಲಲಿ: ಸುತ್ತಲಿನ ಗೋಡೆಯಲ್ಲಿ ಪುಟ್ಟ ಶಿಖರಗಳನ್ನು ಹೊತ್ತ ಗೂಡುಗಳು, ಕೆಳಕೆಳಕ್ಕೆ ಇಳಿಯುವ ಪಾವಟಿಗೆಗಳು, ತಳದಲ್ಲಿ ನೀರು. ಅಲ್ಲಿಯೇ ದಂಡನಾಯಕ ನಾಗದೇವನು ಕಟ್ಟಿಸಿದ ಜೋಡುಕಳಸದ ಗುಡಿಯಿದೆ. ಗಢಪತಿಯ ಎಲೆಗೆ ನರಗುಂದದ ಗುಡ್ಡವೂ ಉಂಟು, 1787ರಲ್ಲಿ ಮರಾಠರಿಗೂ ಟಿಪ್ಪುವಿಗೂ ಒಪ್ಪಂದವಾದ ಗಜೇಂದ್ರಗಡದ ದುರ್ಗವೂ ಉಂಟು. ಕಾಲಕಾಲೇಶ್ವರದ ಬೆಟ್ಟದ ಬಂಡೆಯ ಸಂದಿನಿಂದ ಜಿನುಗುವ ಅಂತರಗಂಗೆಯ ಮುಂದೆ ಯಾವ ಕಲ್ಪಿತ ಗುಹೆ ನಿಂತೀತು? ನಮ್ಮ ಶಾಲೆಗಳ ಚಿತ್ರಕಲಾ ಪರೀಕ್ಷೆಗೆ ಕೂರುವ ಮಕ್ಕಳು ಸೂರ್ಯೋದಯ, ತೆಂಗಿನ ಮರ, ಹೂಕುಂಡಗಳನ್ನು ತಿದ್ದುತ್ತಿರುವಾಗ, ಕೆಲವೇ ಹರದಾರಿಗಳ ಆಚೆ ಇಷ್ಟೆಲ್ಲ ಕಾದು ನಿಂತಿದೆ.

ಆದುದರಿಂದ ನನ್ನ ಬಿನ್ನಹ ಇಷ್ಟು. ಕನ್ನಡ ಮತ್ತು ಸಂಸ್ಕೃತಿ ಇಲಾಖೆಯೂ ಲಲಿತಕಲಾ ಅಕಾಡೆಮಿಯೂ ದಶಾವತಾರದ 120 ಎಲೆಗಳನ್ನು, ಇಂದಿನ ಗಂಜೀಫಾ ಚಿತ್ರಕಾರರಿಗೆ ಯೋಗ್ಯವಾದ ಸಂಭಾವನೆಯನ್ನು ಕೊಟ್ಟು ಅವರ ಕೈಯಿಂದಲೇ ಬರೆಯಿಸಿ, ಗಟ್ಟಿಯಾದ ಕಾಗದದ ಮೇಲೆ, ಇಸ್ಪೀಟಿನ ಕಟ್ಟಿನಂತೆ ಎಲ್ಲರ ಕೈಗೆಟಕುವ ಬೆಲೆಗೆ ಅಚ್ಚು ಹಾಕಿಸಬೇಕು. ಆಡುವ ಕ್ರಮವನ್ನು ತಿಳಿಗನ್ನಡದಲ್ಲಿ ಬರೆಯಿಸಿ ಜೊತೆಗಿಡಬೇಕು. ರೋಣ, ನರಗುಂದ, ಗಜೇಂದ್ರಗಡ ತಾಲೂಕುಗಳ ಚಿತ್ರಕಲಾ ಶಿಕ್ಷಕರು ತಮ್ಮ ಮಕ್ಕಳನ್ನು ಸೂಡಿಗೂ ಕೋಟೆಗಳಿಗೂ ಕರೆದೊಯ್ದು, ಈ ಸೀಮೆಯದೇ ಒಂದು ಕಟ್ಟನ್ನು ಬರೆಯಿಸಬೇಕು. ರೇಖೆ ಒರಟಾದರೆ ತಿದ್ದಲು ಅವಸರ ಪಡದೆ, ಬರೆದ ಎಲೆಗಳಿಂದ ಮಕ್ಕಳು ಮೊದಲು ಆಡುವಂತೆ ಮಾಡಬೇಕು. ಮನೆಯಲ್ಲಿ ಹಳೆಯ ಎಲೆಗಳೋ ಪಗಡೆಯ ಹಾಸೋ ಇರುವ ಹಿರಿಯರು ಅವನ್ನು ಮಾರುವ ಮುನ್ನ, ಸಮೀಪದ ಶಾಲೆಯ ಚಿತ್ರಕಲಾ ಶಿಕ್ಷಕರಿಗೆ ಒಮ್ಮೆ ತೋರಿಸಿ, ತಮಗೆ ನೆನಪಿರುವ ಆಟದ ನಿಯಮಗಳನ್ನು ಅವರಿಂದ ಬರೆಯಿಸಿಡಬೇಕೆಂದು ಕೇಳಿಕೊಳ್ಳುತ್ತೇನೆ.