ಎರಡು ಊರುಗಳ ಬೂದಿ

ಮಕ್ಕಳನ್ನು ಕೈಹಿಡಿದು ನಡೆಯಿಸಿದ ಕಾಲವು ಕಳೆದು, ಅವರೇ ನಮ್ಮ ಕೈಹಿಡಿದು ನಡೆಯಿಸುವ ಕಾಲವೂ ಬರುತ್ತದೆಂಬುದನ್ನು ನಾವು ಇಟಲಿ ದೇಶದಲ್ಲಿ ಅರಿತೆವು. ಉದ್ಯೋಗನಿಮಿತ್ತವಾಗಿ ಆ ಕಡೆ ನೆಲಸಿರುವ ನಮ್ಮ ಮಗಳು, "ಅಪ್ಪಾ, ಕಾಲಿನಲ್ಲಿ ಕಸುವಿರುವಾಗಲೇ ಒಮ್ಮೆ ಬಂದುಹೋಗಿರಿ" ಎಂದು ಕರೆಸಿಕೊಂಡಿದ್ದಳು. ಕುಡತಿನಿಯಿಂದ ಹೊರಟ ನಮ್ಮನ್ನು ಅವಳು ಮೊದಲು ಕರೆದೊಯ್ದುದು ಪಾಂಪೆ ಎಂಬ ಹಾಳೂರಿಗೆ.

ವಾಚಕರಲ್ಲಿ ಹಲವರು ಈ ಹೆಸರನ್ನು ಕೇಳಿರಬಹುದು. ಕ್ರಿ. ಶ. 79ರಲ್ಲಿ ವೆಸೂವಿಯಸ್ ಪರ್ವತವು ಉಗುಳಿದ ಬೂದಿಯ ಕೆಳಗೆ ತುಂಬಿದ ಪಟ್ಟಣವೊಂದು ಹೂತುಹೋಯಿತು. 1748ರಿಂದ ಅಗೆಯುತ್ತ ಬಂದಿದ್ದರೂ ಸುಮಾರು ಮೂರರಲ್ಲೊಂದು ಪಾಲು ಇನ್ನೂ ನೆಲದೊಳಗೇ ಇದೆ. ಬೀದಿಯ ಹಾಸುಗಲ್ಲಿನಲ್ಲಿ ಬಂಡಿಯ ಗಾಲಿಗಳು ಕೊರೆದ ಜಾಡುಗಳಿವೆ. ಒಲೆಯಲ್ಲಿಟ್ಟ ರೊಟ್ಟಿ ಇದ್ದಿಲಾಗಿ ಉಳಿದು ದೊರೆತಿದೆ. ಸತ್ತವರ ದೇಹಗಳು ಕರಗಿ ಬೂದಿಯಲ್ಲಿ ಉಳಿದ ಪೊಳ್ಳುಗಳಿಗೆ 1863ರಲ್ಲಿ ಫಿಯೊರೆಲ್ಲಿ ಎಂಬ ವಿದ್ವಾಂಸನು ಗಾರೆಯನ್ನು ಹೊಯ್ಯಿಸಿ ತೆಗೆದ ಆಕೃತಿಗಳ ಮುಂದೆ ಮಗಳು ಬಹಳ ಹೊತ್ತು ಮಾತಿಲ್ಲದೆ ನಿಂತಿದ್ದಳು.

ಆ ಹಾಳೂರಿನಿಂದ ಗುಟ್ಟಾಗಿ ಕಲ್ಲುಚೂರುಗಳನ್ನು ಕೊಂಡೊಯ್ದವರು ಎಷ್ಟೋ ವರ್ಷಗಳ ಮೇಲೆ ಪಶ್ಚಾತ್ತಾಪಪಟ್ಟು, ಕ್ಷಮಾಪಣೆಯ ಪತ್ರದೊಡನೆ ಅಂಚೆಯಲ್ಲಿ ಹಿಂದಕ್ಕೆ ಕಳುಹುವುದುಂಟಂತೆ. ಇದನ್ನು ಕೇಳಿ ನಾವು ನಕ್ಕೆವು. ಮಗಳು ನಗಲಿಲ್ಲ.

"ಅಪ್ಪಾ, ನಮ್ಮ ಬಚ್ಚಲಿನಲ್ಲಿ ಹಿಮ್ಮಡಿ ಉಜ್ಜುವ ಕಲ್ಲೊಂದಿದೆಯಲ್ಲ, ಅದನ್ನು ಎಲ್ಲಿಂದ ತಂದಿರಿ?"

ನಮ್ಮ ನಗು ಅಲ್ಲಿಗೇ ನಿಂತಿತು. ಅದು ಕುಡತಿನಿಯ ಬೂದಿಕಣಮದಿಂದ, ಎಂದರೆ ಬೂದಿಯ ದಿಬ್ಬವಿರುವ ಕಣಿವೆಯ ದಾರಿಯಿಂದ, ನಾವು ಬಾಲ್ಯದಲ್ಲಿ ಆಡುತ್ತ ಕಿತ್ತು ತಂದ ಕಿಟ್ಟ. ಜೇನುಹುಟ್ಟಿನಂತೆ ತೂತುತೂತಾಗಿ ಹಗುರವಾಗಿದೆ.

"ಅದು ಪಾಂಪೆಗಿಂತ ಬಹಳ ಹಳೆಯದು. ಈ ಬೂದಿಯನ್ನು ನೋಡಲು ನಾವು ಸಮುದ್ರ ದಾಟಿ ಬಂದೆವು. ಆ ಬೂದಿಯನ್ನು ನೀವು ಒಂದು ದಿನವಾದರೂ ನನಗೆ ತೋರಿಸಿದ್ದಿರಾ?"

ತೋರಿಸಿರಲಿಲ್ಲ. ಆ ದಿಬ್ಬದ ಮಗ್ಗುಲಲ್ಲೇ ಬಳ್ಳಾರಿಗೂ ಹೊಸಪೇಟೆಗೂ ನೂರಾರು ಸಲ ಓಡಾಡಿದ್ದರೂ ನಾವೂ ಇಳಿದು ನೋಡಿದವರಲ್ಲ. ಭೀಮಸೇನನು ಕೊಂದ ಹಿಡಿಂಬಾಸುರನನ್ನು ಸುಟ್ಟ ಬೂದಿ ಅದೆಂದು ನಮ್ಮ ಅಜ್ಜಿ ಹೇಳುತ್ತಿದ್ದರು. ಅಷ್ಟಕ್ಕೆ ನಮ್ಮ ಕುತೂಹಲವು ತೀರಿತ್ತು. ಹಂಪೆಯ ಬಳಿಯ ನಿಂಬಾಪುರದ ಬೂದಿಯನ್ನು ವಾಲಿಯ ಚಿತೆಯದೆನ್ನುತ್ತಾರೆ.

ಈ ಬೂದಿಯ ಹುಟ್ಟನ್ನು ಕುರಿತು ಪಂಡಿತರು ಕಾದಾಡಿದುದೂ ಕಡಮೆಯಲ್ಲ. ನ್ಯೂಬೋಲ್ಡ್ ಎಂಬ ಸೇನಾಧಿಕಾರಿಯು 1843ರಲ್ಲಿಯೇ ಇಂಥ ದಿಬ್ಬಗಳ ಮೇಲೆ ಪ್ರಬಂಧವನ್ನು ಪ್ರಕಟಿಸಿದನು. ಜ್ವಾಲಾಮುಖಿಯೆಂದವರುಂಟು, ಕಬ್ಬಿಣದ ಕುಲುಮೆಯೆಂದವರುಂಟು. ಭೂಗರ್ಭಶಾಸ್ತ್ರಜ್ಞನಾದ ರಾಬರ್ಟ್ ಬ್ರೂಸ್ ಫೂಟನು ಮಾತ್ರ ಇದು ಪೂರ್ವಕಾಲದ ದನಗಾಹಿಗಳ ದೊಡ್ಡಿಯ ಸಗಣಿ ಎಂದನು. ಬಳ್ಳಾರಿಯ ವಸ್ತುಸಂಗ್ರಹಾಲಯವು ಇಂದು ಅವನ ಹೆಸರನ್ನೇ ಹೊತ್ತಿದೆ. 1960ರ ಸುಮಾರಿಗೆ ಝಾಯ್ನರ್ ಎಂಬ ವಿದ್ವಾಂಸನು ಬಳ್ಳಾರಿ ಸೀಮೆಯ ಬೂದಿಯನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ಸಗಣಿಯ ಮಾತೇ ನಿಜವೆಂದು ತೋರಿಸಿದನು. 1957ರಲ್ಲಿ ಆಲ್ಚಿನ್ನನು ಉತ್ನೂರಿನ ದಿಬ್ಬವನ್ನು ಅಗೆಸಿದಾಗ ಬೇಲಿಯ ಗೂಟಗಳ ಕುಳಿಗಳೂ ದನಗಳ ಗೊರಸಿನ ಗುರುತುಗಳೂ ಕಂಡುಬಂದವು. ಪಾಂಪೆಯಲ್ಲಿ ಗಾಲಿಯ ಜಾಡು, ಇಲ್ಲಿ ಗೊರಸಿನ ಹೆಜ್ಜೆ! ಸುಮಾರು ನಾಲ್ಕು ಸಾವಿರ ವರ್ಷಗಳ ಹಿಂದೆ ಕಲ್ಲಿನ ಕೊಡಲಿ ಹಿಡಿದಿದ್ದ ಜನರು ಒಟ್ಟಿದ ಸಗಣಿಯನ್ನು ಮತ್ತೆಮತ್ತೆ ಸುಟ್ಟರು. ಬೂದಿಯೇ ಕರಗಿ ಕಿಟ್ಟಗಟ್ಟುವಷ್ಟು ಉರಿ ಎದ್ದಿತು. ಅದು ಹಬ್ಬದ ಬೆಂಕಿಯಾಗಿರಬಹುದೆಂದು ಆಲ್ಚಿನ್ನನ ಊಹೆ. ಸಂಕ್ರಾಂತಿಯಲ್ಲಿ ದನಗಳಿಗೆ ಕಿಚ್ಚು ಹಾಯಿಸುವುದನ್ನು ಕಂಡವರಿಗೆ ಈ ಊಹೆಯು ಹೊರಗಿನದೆಂದು ತೋರದು.

ಮುಂದಿನ ದೀಪಾವಳಿಗೆ ಮಗಳು ಊರಿಗೆ ಬಂದಳು. ಹಬ್ಬದ ಮರುದಿನವೇ ಮೂವರೂ ಹೊರಟೆವು. ದಾರಿಯಲ್ಲಿ 1,700 ಮೆಗಾವಾಟ್ ಸಾಮರ್ಥ್ಯದ ವಿದ್ಯುತ್ ಸ್ಥಾವರದ ಹೊಗೆಗೊಳವೆಗಳು ಎದ್ದು ಕಾಣುತ್ತವೆ. ಅಲ್ಲಿ ಕಲ್ಲಿದ್ದಲು ಉರಿದು ದಿನವೂ ಹೊಸ ಬೂದಿ. ನಮ್ಮೂರಿಗೂ ಬೂದಿಗೂ ಇರುವ ಋಣಾನುಬಂಧವನ್ನು ಏನೆಂದು ಹೇಳೋಣ!

ದಿಬ್ಬದ ಬಳಿ ಕಾವಲಿನವನೂ ಇರಲಿಲ್ಲ, ಚೀಟಿ ಕೊಳ್ಳುವ ಸಾಲೂ ಇರಲಿಲ್ಲ. ನಮ್ಮ ಮೂವರ ಹೊರತು ನೋಡುವವರೇ ಇಲ್ಲ. ಬೂದುಬಣ್ಣದ ಪದರದ ಮೇಲೆ ಪದರ, ನಡುನಡುವೆ ಕಪ್ಪುಕಿಟ್ಟ. ಈ ಸೀಮೆಯ ಎಷ್ಟೋ ದಿಬ್ಬಗಳು ಹೊಲಕ್ಕೆ ಗೊಬ್ಬರವಾಗಿಯೂ ರಸ್ತೆಗೆ ಮಣ್ಣಾಗಿಯೂ ಕರಗಿವೆ. ಹಾಗೆ ಕೊಂಡೊಯ್ದವರನ್ನು ಬೈಯಲು ನಮಗೆ ಬಾಯಿ ಬರಲಿಲ್ಲ. ನಮ್ಮ ಮನೆಯವರು ಚಿಟಿಕೆ ಬೂದಿಯನ್ನು ಬೆರಳಲ್ಲಿ ಹೊಸಕಿ ನೋಡಿ, "ನಮ್ಮತ್ತೆ ಪಾತ್ರೆ ಬೆಳಗುತ್ತಿದ್ದ ಬೆರಣಿಯ ಬೂದಿಯೇ ಇದು. ಇದಕ್ಕೆ ನೂರು ವರ್ಷ ಪಂಡಿತರು ಬೇಕಾಯಿತೇ?" ಎಂದರು.

ಮಗಳು ಕೈಚೀಲದಿಂದ ಬಟ್ಟೆಯ ಗಂಟೊಂದನ್ನು ತೆಗೆದು ನಮ್ಮ ಕೈಗಿತ್ತಳು. ಬಿಚ್ಚಿದರೆ ಬಚ್ಚಲಿನ ಕಲ್ಲು.

"ನೀವೇ ಇಡಿರಿ, ಅಪ್ಪಾ."

"ಇನ್ನು ನನ್ನ ಹಿಮ್ಮಡಿಗೆ ಗತಿಯೇನು?" ಎಂದು ಮನೆಯವರು ಗೊಣಗಿದರೂ ತಡೆಯಲಿಲ್ಲ. ಬಗ್ಗುವಾಗ ಮಗಳು ನಮ್ಮ ತೋಳನ್ನು ಹಿಡಿದುಕೊಂಡಳು. ದಿಬ್ಬದ ಬುಡದಲ್ಲಿ ಅದನ್ನಿಟ್ಟೆವು. ಮೂರು ತಲೆಗಳ ಕಾಲು ಉಜ್ಜಿ ಸವೆದಿದ್ದರಿಂದ, ಸುತ್ತಲಿನ ಒರಟು ಕಿಟ್ಟಗಳ ನಡುವೆ ಅದರ ಒಂದು ಮಗ್ಗುಲು ನುಣ್ಣಗೆ ಕಾಣುತ್ತಿತ್ತು.