ಬೆಳ್ಳಿ ಇಳಿದ ದಾರಿ
1993ರ ಮಾರ್ಚ್ 12ರಂದು ಮುಂಬೈಯಲ್ಲಿ ಸರಣಿ ಸ್ಫೋಟದಲ್ಲಿ 257 ಜನರನ್ನು ಬಲಿ ಪಡೆದ ಆರ್‌ಡಿಎಕ್ಸ್ ಹೊಸ ದಾರಿ ಹುಡುಕಿಕೊಂಡು ಬಂದದ್ದಲ್ಲ. ಅದು ಬಂದಿಳಿದ ರಾಯಗಡದ ಕಿನಾರೆಯಲ್ಲಿ ಅದಕ್ಕೂ ಮುಂಚೆ ರಾತ್ರೋರಾತ್ರಿ ಕಳ್ಳಸಾಗಣೆಯ ಬೆಳ್ಳಿ ಇಳಿಯುತ್ತಿತ್ತು. ಶೇಖಾಡಿಯಂಥ ಮೀನುಗಾರರ ಊರಿನಲ್ಲಿ ದೋಣಿಯಿಂದ ಲಾರಿಗೆ ಮೂಟೆ ಹೊತ್ತು ಹಾಕುವ ಜಾಲ, ಕೈ ಬೆಚ್ಚಗೆ ಮಾಡಿಸಿಕೊಂಡು ಕಣ್ಣು ಮುಚ್ಚುವ ಕಸ್ಟಮ್ಸ್ ಮಂದಿ, ಎಲ್ಲವೂ ತಯಾರಿತ್ತು. ಮೂಟೆಯೊಳಗೇನಿದೆ ಎಂದು ಕೇಳದಿರುವುದಕ್ಕೇ ತಾನೇ ಮಾಮೂಲು! ಈ ಸ್ಫೋಟದ ಪ್ರಮುಖ ಆರೋಪಿ, ಭೂಗತ ದೊರೆ ದಾವೂದ್ ಇಬ್ರಾಹಿಂ ಹೆಸರು ವಿಶ್ವಸಂಸ್ಥೆಯ ನಿರ್ಬಂಧ ಪಟ್ಟಿ ಸೇರಿದ್ದು ಹತ್ತು ವರ್ಷ ಕಳೆದ ಮೇಲೆ, 2003ರಲ್ಲಿ. ಪಟ್ಟಿಯಲ್ಲಿ ಕರಾಚಿಯ ವಿಳಾಸವೂ ಇದೆ. ಹೋಗಿ ಬಾಗಿಲು ತಟ್ಟುವವರಿಲ್ಲ, ಅಷ್ಟೆ. ಕೆಲಸಕ್ಕೆ ಬಂದದ್ದು ಇಂಥ ಪಟ್ಟಿಗಿಂತ ಲಿಸ್ಬನ್ನಿನ ಕೋರ್ಟು. 2002ರಲ್ಲಿ ಅಲ್ಲಿ ಸಿಕ್ಕಿಬಿದ್ದ ಇದೇ ಪ್ರಕರಣದ ಆರೋಪಿ ಅಬು ಸಲೇಂನನ್ನು ಪೋರ್ಚುಗಲ್ 2005ರಲ್ಲಿ ಭಾರತಕ್ಕೆ ಒಪ್ಪಿಸಿತು, ಅದೂ ಷರತ್ತಿನ ಮೇಲೆ: ಗಲ್ಲಿಗೇರಿಸುವಂತಿಲ್ಲ, 25 ವರ್ಷ ಮೀರಿ ಜೈಲಿನಲ್ಲಿಡುವಂತಿಲ್ಲ. ಭಯೋತ್ಪಾದನೆ ಪ್ರಕರಣಗಳ ಟಾಡಾ ಕೋರ್ಟು 2017ರಲ್ಲಿ ಅವನಿಗೆ ಜೀವಾವಧಿ ಶಿಕ್ಷೆ ವಿಧಿಸಿದರೂ, ಕೊಟ್ಟ ಮಾತಿಗೆ ಕೇಂದ್ರ ಸರ್ಕಾರ ಬದ್ಧವೆಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿತು. ಸತ್ತವರ ಮನೆಯವರಿಗೆ ಇದು ಕಹಿಯೇ. ಆದರೆ ಮಾತಿಗೆ ತಪ್ಪಿದರೆ ಮುಂದಿನ ಆರೋಪಿಯನ್ನು ಭಾರತಕ್ಕೆ ಕಳಿಸಲು ಯೂರೋಪಿನ ಯಾವ ನ್ಯಾಯಾಧೀಶರು ಸಹಿ ಹಾಕಿಯಾರು?