ಬಾಸ್ ಪೋಸ್ಟರು, ಕದ್ದ ಕುಂಚ!

ಅಭಿಮಾನಿ ಮಿತ್ರರೇ, ಒಂದು ಪ್ರಶ್ನೆ ಕೇಳುತ್ತೇನೆ. ಕೋಪ ಮಾಡಿಕೊಳ್ಳಬಾರದು.

ನಿಮ್ಮ ನೆಚ್ಚಿನ ನಾಯಕನ ಚಿತ್ರ ಶುಕ್ರವಾರ ಬಿಡುಗಡೆ. ಶನಿವಾರ ಬೆಳಿಗ್ಗೆಯೊಳಗೆ ಯಾವನೋ ಪುಣ್ಯಾತ್ಮ ಅದನ್ನು ಮೊಬೈಲಿನಲ್ಲಿ ಹಿಡಿದು ಊರಿಗೆಲ್ಲ ಹಂಚಿಬಿಟ್ಟ. ರಕ್ತ ಕುದಿಯುತ್ತದೋ ಇಲ್ಲವೋ? ಕುದಿಯಲೇಬೇಕು! ಸರಿ... ಆ ಚಿತ್ರಕ್ಕೆ ನೀವೇ ಚಂದಾ ಎತ್ತಿ, ರಾತ್ರಿಯೆಲ್ಲಾ ನಿಂತು ಒಂದು ಪೋಸ್ಟರು ಮಾಡಿಸಿದಿರಲ್ಲ, ಅದನ್ನು ಯಾವ ಪ್ರೋಗ್ರಾಮಿನಲ್ಲಿ ಮಾಡಿದರು? ಆ ಪ್ರೋಗ್ರಾಮು ಆ ಕಂಪ್ಯೂಟರಿಗೆ ಎಲ್ಲಿಂದ ಬಂತು?

ಯಾಕೆ ಸ್ವಾಮಿ, ಮಾತು ನಿಂತುಹೋಯಿತು?

ಯಶವಂತಪುರದಿಂದ ಯಲಹಂಕದವರೆಗೆ, ಹೆಬ್ಬಾಳದ ಫ್ಲೈಓವರಿನ ಈ ಕಡೆ ಆ ಕಡೆ, ಆರ್.ಟಿ. ನಗರದ ಒಳರಸ್ತೆಗಳಲ್ಲಿ ಒಂದು ಸುತ್ತು ಹೊಡೆಯಿರಿ. ಝೆರಾಕ್ಸು, ಲ್ಯಾಮಿನೇಷನ್ನು, ಪಾಸ್‌ಪೋರ್ಟ್ ಫೋಟೋ ಎಂದು ಬೋರ್ಡು ಹಾಕಿಕೊಂಡ ಡಿಟಿಪಿ ಅಂಗಡಿಗಳು ಸಿಗುತ್ತವೆ. ನಟರ ಹುಟ್ಟುಹಬ್ಬ ಹತ್ತಿರ ಬಂತೆಂದರೆ ಅಲ್ಲಿ ಜಾತ್ರೆ!

'ಅಣ್ಣಾ, ಬಾಸ್ ಹಿಂದೆ ಬೆಂಕಿ ಹಾಕಣ್ಣಾ!'

'ಹಾಕ್ತೀನಿ ಇರೋ, ಮೊದ್ಲು ಮೀಸೆ ಸರಿ ಮಾಡ್ತೀನಿ.'

'ಕೆಳಗಡೆ ನಮ್ ಹುಡುಗ್ರ ಫೋಟೋ ಸಾಲಾಗಿ ಬರ್ಲಿ. ನಂದು ಮಾತ್ರ ಒಂಚೂರು ದೊಡ್ಡದಾಗಿರ್ಲಿ!'

ಆ ಹುಡುಗನ ಕೈ ಚಿನ್ನ ಕಣ್ರೀ. ಹತ್ತು ನಿಮಿಷದಲ್ಲಿ ಸಾದಾ ಫೋಟೋವನ್ನು ಸಿಂಹಾಸನದ ಮೇಲೆ ಕೂರಿಸುತ್ತಾನೆ. ಆದರೆ ಎಷ್ಟೋ ಕಡೆ ಕೈಯೊಳಗಿನ ಸಾಮಾನು ಕಳ್ಳಮಾಲು. ಪೆನ್‌ಡ್ರೈವಿನಲ್ಲಿ ಬಂದ 'ಕ್ರ್ಯಾಕ್' ಫೋಟೋಶಾಪ್! ಎಲ್ಲರೂ ಹಾಗೇ ಎನ್ನುತ್ತಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರು ನೋಡಿಕೊಳ್ಳಲಿ.

ಕಾನೂನು ಏನನ್ನುತ್ತದೆ ಗೊತ್ತೇ? ಸಿನಿಮಾ ಕಳ್ಳರಿಗೆ 2023ರ ಸಿನಿಮಾಟೋಗ್ರಾಫ್ ತಿದ್ದುಪಡಿ ಕಾಯ್ದೆಯಲ್ಲಿ ಕನಿಷ್ಠ 3 ತಿಂಗಳ ಜೈಲು, 3 ಲಕ್ಷ ದಂಡ. ನಮ್ಮ ರಾಜ್ಯದ 1985ರ ಗೂಂಡಾ ಕಾಯ್ದೆಯ ಉದ್ದನೆಯ ಹೆಸರಿನಲ್ಲಂತೂ ಗೂಂಡಾಗಳ ಪಕ್ಕದಲ್ಲೇ ವಿಡಿಯೋ, ಆಡಿಯೋ ಪೈರಸಿ ಮಾಡುವವರನ್ನೂ ಕೂರಿಸಿದ್ದಾರೆ. ಭಲೇ, ಬೇಕಾದದ್ದೇ! ಆದರೆ 1957ರ ಕಾಪಿರೈಟ್ ಕಾಯ್ದೆಯ 63-ಬಿ ಕಲಮನ್ನೂ ಒಮ್ಮೆ ಓದಿ. ಕದ್ದ ಪ್ರೋಗ್ರಾಮು ಎಂದು ಗೊತ್ತಿದ್ದೂ ಕಂಪ್ಯೂಟರಿನಲ್ಲಿ ಬಳಸಿದರೆ 7 ದಿನದಿಂದ 3 ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷದವರೆಗೆ ದಂಡ. ವ್ಯಾಪಾರಕ್ಕಲ್ಲದೆ ಸುಮ್ಮನೆ ಬಳಸಿದವನಿಗೆ ಕೋರ್ಟು ಜೈಲು ಬಿಟ್ಟು ದಂಡ ಮಾತ್ರ ಹಾಕಬಹುದು. ಅಂಗಡಿ ಇಟ್ಟವನಿಗೆ ಆ ರಿಯಾಯಿತಿ ಇಲ್ಲ. ಝೆರಾಕ್ಸಿನಲ್ಲಿ ಎರಡೆರಡು ರೂಪಾಯಿ ಎಣಿಸುವ ಹುಡುಗ 50 ಸಾವಿರ ಎಲ್ಲಿಂದ ತರಬೇಕು? ಸಿಕ್ಕಿಬಿದ್ದ ದಿನ ಬೆಂಕಿ ಹಾಕಿಸಿಕೊಂಡ ನೀವು ಬರುತ್ತೀರಾ ಬಿಡಿಸಲು?

ಇನ್ನೊಂದು ಮಾತು. 1990ರಲ್ಲಿ ಮಾರುಕಟ್ಟೆಗೆ ಬಂದ ಫೋಟೋಶಾಪನ್ನು ಹುಟ್ಟಿಸಿದ್ದು ನೋಲ್ ಎಂಬ ಮನೆತನದ ಅಣ್ಣತಮ್ಮಂದಿರು. ಅವರಲ್ಲಿ ತಮ್ಮ ಜಾನ್ ನೋಲ್, 'ಸ್ಟಾರ್ ವಾರ್ಸ್' ಚಿತ್ರಗಳಿಗೆ ಮಾಯಾಜಾಲ ಹೆಣೆದ ಕಂಪನಿಯ ಕೆಲಸಗಾರ. ಅಂದರೆ ಅದೂ ಸಿನಿಮಾದವನ ಬೆವರೇ! 2013ರಿಂದೀಚೆಗೆ ಅದರ ಹೊಸ ಆವೃತ್ತಿಗಳು ಬಾಡಿಗೆ ಲೆಕ್ಕದಲ್ಲೇ ಸಿಗುವುದು. ಬಾಡಿಗೆ ಕಟ್ಟುವ ತಾಕತ್ತಿದ್ದವರು ಕಟ್ಟಿ ಬಳಸಲಿ, ಬಹಳ ಸಂತೋಷ. ತಾಕತ್ತಿಲ್ಲದವರು?

ಅವರಿಗಾಗಿಯೇ ಇವತ್ತಿನ ಈ ಪೀಠಿಕೆ. ಆ ಪ್ರೋಗ್ರಾಮಿನ ಹೆಸರು ಜಿಂಪ್.

ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಸ್ಪೆನ್ಸರ್ ಕಿಂಬಾಲ್, ಪೀಟರ್ ಮ್ಯಾಟಿಸ್ ಎಂಬ ಇಬ್ಬರು ಹುಡುಗರು 1995ರಲ್ಲಿ ಶುರುಮಾಡಿ, 1996ರಲ್ಲಿ ಲೋಕಕ್ಕೆ ಬಿಟ್ಟರು. ಹೆಸರು ಬಂದದ್ದು ಎಲ್ಲಿಂದ ಅಂತೀರಿ? ಸಿನಿಮಾದಿಂದ! ಆಗ ಕ್ವೆಂಟಿನ್ ಟ್ಯಾರಂಟಿನೋನ 'ಪಲ್ಪ್ ಫಿಕ್ಷನ್' (1994) ಚಿತ್ರದ್ದೇ ಮಾತು. ಅದರಲ್ಲಿ ಮುಖಕ್ಕೆ ತೊಗಲಿನ ಮುಸುಕು ಹಾಕಿಕೊಂಡ ಒಂದು ವಿಚಿತ್ರ ಪಾತ್ರದ ಹೆಸರು ಗಿಂಪ್. ಹುಡುಗರು ಅದೇ ಅಕ್ಷರಗಳನ್ನು ಎತ್ತಿ ಪ್ರೋಗ್ರಾಮಿಗಿಟ್ಟರು. ನಮ್ಮವರು ಓದುವುದು ಜಿಂಪ್ ಎಂದು.

ಇದು ಕಂಪನಿ ಕೊಟ್ಟ ಸ್ಯಾಂಪಲ್ಲಲ್ಲ, ಮೂವತ್ತು ದಿನಕ್ಕೆ ಕೆಡುವ ಮಾಲಲ್ಲ. ಯಾರು ಬೇಕಾದರೂ ಬಳಸಬಹುದು, ಒಳಗಿನ ಬರಹ ಬಿಚ್ಚಿ ನೋಡಬಹುದು, ತಿದ್ದಬಹುದು, ಗೆಳೆಯನಿಗೆ ಕಾಪಿ ಮಾಡಿ ಕೊಡಬಹುದು. ಅದರಲ್ಲಿ ಮಾಡಿದ ಕೆಲಸಕ್ಕೆ ದುಡ್ಡು ತೆಗೆದುಕೊಳ್ಳಬಹುದು. ಎಲ್ಲಾ ಕಾನೂನುಬದ್ಧ! ಕದ್ದದ್ದೂ ಪುಕ್ಕಟೆ, ಕೊಟ್ಟದ್ದೂ ಪುಕ್ಕಟೆ. ಆದರೆ ಕೊಟ್ಟದ್ದನ್ನು ಬಾಗಿಲು ತೆರೆದಿಟ್ಟುಕೊಂಡೇ ಬಳಸಬಹುದು.

'ಪುಕ್ಕಟೆ ಮಾಲು, ಅದರಲ್ಲಿ ಏನು ದಮ್ಮಿರುತ್ತೆ?' ಅಂತ ಮೂಗು ಮುರಿಯುವವರಿಗೆ ಒಂದು ಸಮಾಚಾರ. 'ಲೈಫ್ ಆಫ್ ಪೈ' ಚಿತ್ರದ ಹುಲಿಗೆ ಜೀವ ಕೊಟ್ಟು 2013ರಲ್ಲಿ ಆಸ್ಕರ್ ಗೆದ್ದ ರಿದಂ ಅಂಡ್ ಹ್ಯೂಸ್ ಕಂಪನಿಯ ಹೆಸರು ಕೇಳಿದ್ದೀರಷ್ಟೆ? ಅದಕ್ಕೆ ಹತ್ತಾರು ವರ್ಷ ಮುಂಚೆ ಆ ಕಂಪನಿಯವರು ಇದೇ ಜಿಂಪ್‌ನಿಂದ ಕವಲೊಡೆದ 'ಫಿಲ್ಮ್ ಜಿಂಪ್' ಇಟ್ಟುಕೊಂಡು ಫ್ರೇಮುಗಳನ್ನು ತಿದ್ದುತ್ತಿದ್ದರು. ಮೊದಲ 'ಹ್ಯಾರಿ ಪಾಟರ್' (2001), 'ಸ್ಕೂಬಿ ಡೂ' (2002) ಚಿತ್ರಗಳಲ್ಲಿ ಅದರ ಕೈವಾಡವಿದೆ. ಒಂದು ಸೆಕೆಂಡಿಗೆ 24 ಫ್ರೇಮು! ಒಂದೊಂದರಲ್ಲೂ ದೂಳು ಒರೆಸಬೇಕು, ನಟನನ್ನು ಎತ್ತಿ ಹಿಡಿದ ತಂತಿ ಮಾಯ ಮಾಡಬೇಕು. ಆಗಿನ ಜಿಂಪ್‌ನಲ್ಲಿ ಒಂದು ಬಣ್ಣಕ್ಕೆ 256 ಮೆಟ್ಟಿಲು, ಸಿನಿಮಾಕ್ಕೆ ಅದು ಸಾಲದು. ಒಳಗಿನ ಬರಹ ತೆರೆದೇ ಇತ್ತಲ್ಲ, ಬಿಚ್ಚಿ 65,536 ಮೆಟ್ಟಿಲು ಮಾಡಿಕೊಂಡರು. ಬೀಗ ಹಾಕಿದ ಪ್ರೋಗ್ರಾಮಿನಲ್ಲಿ ಹೀಗೆ ಕೈಹಾಕಲು ಬಿಡುತ್ತಾರೆಯೇ? ಮೂಲ ಜಿಂಪ್‌ಗೂ ಆ ಶಕ್ತಿ 2018ರಲ್ಲಿ ಬಂತು.

ಕಲಿಯುವುದು ಕಷ್ಟವೇ? ಸಿನಿಮಾ ಹುಚ್ಚರಿಗೆ ಅಲ್ಲವೇ ಅಲ್ಲ! 'ಶಂಕರ್ ಗುರು' (1978) ಚಿತ್ರದಲ್ಲಿ ಅಣ್ಣಾವ್ರದು ಮೂರು ಪಾತ್ರ. ರೀಲಿನ ಕಾಲದಲ್ಲಿ ಒಬ್ಬನೇ ನಟನನ್ನು ಒಂದೇ ಫ್ರೇಮಿನಲ್ಲಿ ಎರಡು ಕಡೆ ತೋರಿಸಲು ಕ್ಯಾಮೆರಾದವರು ಲೆನ್ಸಿನ ಅರ್ಧಕ್ಕೆ ಅಡ್ಡ ಹಿಡಿದು ಒಂದು ಸಲ ತೆಗೆಯುತ್ತಿದ್ದರು. ರೀಲು ಹಿಂದಕ್ಕೆ ಸುತ್ತಿ, ಇನ್ನರ್ಧಕ್ಕೆ ಅಡ್ಡ ಹಿಡಿದು ಮತ್ತೆ ತೆಗೆಯುತ್ತಿದ್ದರು. ಅದೇ ಮಾಸ್ಕ್! ಜಿಂಪ್‌ನಲ್ಲೂ ಅದೇ ಹೆಸರು, ಅದೇ ಉಪಾಯ. ಒಂದರ ಮೇಲೊಂದು ಗಾಜಿನ ಹಾಳೆ ಇಟ್ಟಂತೆ ಲೇಯರುಗಳು. ಕೆಳಗಿನದರಲ್ಲಿ ಬೆಂಕಿ, ನಡುವೆ ಬಾಸ್, ಮೇಲೆ ಹೆಸರು. ಮಾಸ್ಕಿನ ಮೇಲೆ ಕಪ್ಪು ಬಳಿದರೆ ಮರೆ, ಬಿಳಿ ಬಳಿದರೆ ಪ್ರತ್ಯಕ್ಷ. ಇಷ್ಟು ಹಿಡಿತಕ್ಕೆ ಬಂದರೆ ಅರ್ಧ ವಿದ್ಯೆ ಬಂತು.

ದೊಡ್ಡ ಓದು ಬೇಕು ಎಂಬ ಭಯವೂ ಬೇಡ. ನಮ್ಮ ಬೆಂಗಳೂರಿನದೇ ಉದಾಹರಣೆ. ಬನ್ನೇರುಘಟ್ಟ ರಸ್ತೆ ಕಡೆ ಗುರಪ್ಪನಪಾಳ್ಯದ ಸುದರ್ಶನ ಲೇಔಟ್ ಎಂಬ ಕೊಳೆಗೇರಿ. 2010ರ ಆಸುಪಾಸಿನಲ್ಲಿ ಅಲ್ಲಿ ಅಂಬೇಡ್ಕರ್ ಹೆಸರಿನ ಕಂಪ್ಯೂಟರ್ ಕೇಂದ್ರವೊಂದು ನಡೆಯಿತು. ಫ್ರೀ ಸಾಫ್ಟ್‌ವೇರ್ ಮೂವ್‌ಮೆಂಟ್ ಕರ್ನಾಟಕದ ಹುಡುಗರು ಹೋಗಿ ಪಾಠ ಹೇಳುತ್ತಿದ್ದರು. ಅಲ್ಲಿನ ಮಕ್ಕಳು ಇದೇ ಜಿಂಪ್‌ನಲ್ಲಿ ಚಿತ್ರ ಬಿಡಿಸಿದರು. ಆ ಮಕ್ಕಳ ಕೈಗೆ ಬಂದದ್ದು ನಮ್ಮ ಉತ್ತರ ಬೆಂಗಳೂರಿನ ಪಡ್ಡೆಗಳ ಕೈಗೆ ಬಾರದೇ?

ಹೊಗಳುವುದಷ್ಟೇ ನನ್ನ ಕೆಲಸವಲ್ಲ. ಕೊರತೆಯೂ ಇದೆ. ಜಿಂಪ್ ಕೆಲಸ ಮಾಡುವುದು ಕೆಂಪು, ಹಸಿರು, ನೀಲಿ ಲೆಕ್ಕದಲ್ಲಿ. ಮುದ್ರಣದ ಮಷಿನ್ನಿನದು ನಾಲ್ಕು ಶಾಯಿಯ ಲೆಕ್ಕ. ಪರದೆ ಮೇಲೆ ಧಗಧಗಿಸಿದ ಬೆಂಕಿ ಹಾಳೆ ಮೇಲೆ ಮಂಕಾಗಬಹುದು. ಮೊದಲು ಒಂದು ತುಂಡು ಪ್ರಿಂಟು ತೆಗೆಸಿ ನೋಡಿ. ಫೋಟೋಶಾಪಿಗೆ ಪಳಗಿದ ಕೈ ಮೊದಲ ವಾರ ತಡವರಿಸುತ್ತದೆ. ಎಫೆಕ್ಟು ಹಾಕಿದ ಮೇಲೆ ಎಷ್ಟು ಹೊತ್ತಾದರೂ ತಿರುಗಿ ತಿದ್ದುವ ಸವಲತ್ತು ಬಂದದ್ದೇ 2025ರ ಮಾರ್ಚಿನಲ್ಲಿ ಬಿಡುಗಡೆಯಾದ 3.0 ಆವೃತ್ತಿಯಲ್ಲಿ. ಹಾಗಾಗಿ ಹಾಕುವುದಾದರೆ ಹೊಸದನ್ನೇ ಹಾಕಿ.

ಆದರೆ ಕನ್ನಡದ ಮಾತು ಬಂದಾಗ ಎದೆ ತಟ್ಟಿ ಹೇಳಬಹುದು. ಯೂನಿಕೋಡ್ ಕನ್ನಡ ಟೈಪು ಮಾಡಿದರೆ ಒತ್ತಕ್ಷರ ಒಡೆಯುವುದಿಲ್ಲ. ನವಿಲು, ಗುಬ್ಬಿ, ಬಾಲೂ ತಮ್ಮ... ಇಂಥ ಕನ್ನಡ ಫಾಂಟುಗಳೂ ಮುಕ್ತವಾಗಿಯೇ ಸಿಗುತ್ತವೆ. ಬಾಸ್ ಹೆಸರು ತಪ್ಪಿಲ್ಲದೆ ಬರುತ್ತದೆ, ಅದೂ ಕದಿಯದೆ!

ಜಿಂಪ್ ಡಾಟ್ ಆರ್ಗ್ ಎಂಬುದು ಅದರ ಸ್ವಂತ ತಾಣ. ಅಲ್ಲಿಂದಲೇ ಇಳಿಸಿಕೊಳ್ಳಿ, ಬೇರೆ ಬೀದಿಬದಿಯ ತಾಣಗಳ ಸಹವಾಸ ಬೇಡ. ವಿಂಡೋಸ್ ಆದರೂ ಸೈ, ಲಿನಕ್ಸ್ ಆದರೂ ಸೈ.

ಮುಂದಿನ ಹುಟ್ಟುಹಬ್ಬಕ್ಕೆ ಪೋಸ್ಟರು ಮಾಡಿಸಲು ಹೋದಾಗ, ಬೆಂಕಿ ಹಾಕಣ್ಣಾ ಅನ್ನುವ ಮುಂಚೆ ಆ ಅಣ್ಣನ ಕಿವಿಯಲ್ಲಿ ಈ ಹೆಸರು ಹಾಕಿ. ಒಂದು ವಾರ ತಡವಾಗಿ ಕೊಟ್ಟರೆ ಗಲಾಟೆ ಮಾಡಬೇಡಿ, ಪಾಪ ಕಲಿಯುತ್ತಿರುತ್ತಾನೆ. ಪೈರಸಿ ವಿರುದ್ಧ ಥಿಯೇಟರ್ ಮುಂದೆ ನೀವು ಕೂಗುವ ಘೋಷಣೆಗೆ ಆಗ ಇನ್ನೂ ಜೋರು ದನಿ ಬರುತ್ತದೆ.

ಮುಂದಿನ ವಾರ ಸಿಗೋಣ. ಅಲ್ಲಿವರೆಗೆ ಟಿಕೆಟ್ ಕೊಂಡೇ ಸಿನಿಮಾ ನೋಡಿ!